ಕಾದಂಬರಿಕಾರನ ಏಕಾಂತ: ‘ದುರ್ಗಾಸ್ತಮಾನ’ವನ್ನು ಕುರಿತು ಒಂದು ವಿಚಾರ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಾವಲಿನ ಅಂಚಿನಲ್ಲಿ ನಿಂತವರಿಗೆ ಮೊದಲು ಅನುಭವಕ್ಕೆ ಬರುವುದು ಅಲ್ಲಿನ ನಿಶ್ಶಬ್ದ. ಅಮೃತಮಹಲ್ ದನಗಳ ಮೇವಿಗೆಂದು ಒಂದು ಕಾಲಕ್ಕೆ ಮೀಸಲಾಗಿದ್ದ ಈ ಬಯಲಿನಲ್ಲಿ ಸುಮಾರು 1,500 ಎಕರೆಯಷ್ಟು ನೆಲ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಾಗಿದೆ. ಈ ಕಡೆ ಬಂದಿದ್ದ ಸಾಹಿತ್ಯಾಸಕ್ತ ಮಿತ್ರರೊಬ್ಬರು, “ಇಂಥ ಕಡೆ ಆರು ತಿಂಗಳು ಕುಳಿತರೆ ಯಾರಾದರೂ ಒಂದು ಕಾದಂಬರಿ ಬರೆದಾರು” ಎಂದರು. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಬರೆಯಬೇಕೆಂದು ಹಂಬಲಿಸುವ ಅಧ್ಯಾಪಕರೆಲ್ಲರ ಮಾತು ಇದು. ಪ್ರಕೃತ ಲೇಖಕನೂ ಅದಕ್ಕೆ ಹೊರತಲ್ಲ. ಆದರೆ ಕಾದಂಬರಿಗೆ ಬೇಕಾದ ಏಕಾಂತವೆಂದರೆ ಸದ್ದಿಲ್ಲದ ಸ್ಥಳವೂ ರಜೆಯ ದಿನಗಳೂ ಮಾತ್ರವೆ? ಈ ಪ್ರಶ್ನೆಯನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಇದೇ ತಾಲ್ಲೂಕಿನ ತಳುಕು ಗ್ರಾಮದ ಮನೆತನಕ್ಕೆ ಸೇರಿದ ತ.ರಾ. ಸುಬ್ಬರಾಯರ ಬರೆವಣಿಗೆಯೇ ಇದಕ್ಕೆ ಸಾಕಾದ ಉದಾಹರಣೆ.

ತ.ರಾ.ಸು. (1920–1984) ಅವರಿಗೆ ಬಿಡುವೆಂಬುದು ಹುಟ್ಟಿನೊಡನೆ ಬಂದ ಸಂಪತ್ತಾಗಿರಲಿಲ್ಲ. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆ ಸೇರಿದರು, ಪತ್ರಿಕಾವೃತ್ತಿಯನ್ನು ಹಿಡಿದರು, ಬರೆಹವನ್ನೇ ಜೀವನೋಪಾಯವಾಗಿ ಮಾಡಿಕೊಂಡರು. ಲೇಖನಿಯಿಂದ ಸಂಸಾರ ನಡೆಸುವವನಿಗೆ ನಿಧಾನವೆಂಬುದು ದುಬಾರಿಯಾದ ವಸ್ತು. ಅವರು ಅರವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದುದಕ್ಕೆ ಈ ಒತ್ತಡವೂ ಒಂದು ಕಾರಣವೆಂದರೆ ತಪ್ಪಾಗಲಾರದು. ಇಂಥವರಿಗೆ ಏಕಾಂತ ಎಲ್ಲಿ, ಯಾವಾಗ ದೊರೆಯಿತು?

ಲೇಖಕನ ಮನಸ್ಸಿನೊಳಗೆ ನಡೆದುದಕ್ಕೆ ಇತಿಹಾಸಕಾರನು ಸಾಕ್ಷಿ ಹೇಳಲಾರ. ಗ್ರಂಥಗಳನ್ನೂ ಅವುಗಳ ಕಾಲವನ್ನೂ ಎದುರಿಗಿಟ್ಟುಕೊಂಡು ಅನುಮಾನಿಸಬಲ್ಲ. ಚಿತ್ರದುರ್ಗವು 1779ರಲ್ಲಿ ಹೈದರಾಲಿಯ ವಶವಾಯಿತು. ಈ ಘಟನೆಯ ಬಳಿಗೆ ತ.ರಾ.ಸು. ಅವರು ಎರಡು ಸಲ ಹೋದರು. 1952ರ ‘ಹಂಸಗೀತೆ’ಯಲ್ಲಿ ಅವರು ಕಂಡದ್ದು ಪತನದ ನೆರಳನ್ನು: ದುರ್ಗದ ಸಂಗೀತಗಾರ ವೆಂಕಟಸುಬ್ಬಯ್ಯನು ಟಿಪ್ಪುವಿನೆದುರು ಹಾಡಲೊಪ್ಪದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. 1982ರ ‘ದುರ್ಗಾಸ್ತಮಾನ’ದಲ್ಲಿ ಅವರು ನಿಂತದ್ದು ಪತನದ ಎದುರಿಗೆ. ನಡುವೆ ಮೂವತ್ತು ವರ್ಷಗಳು ಸಂದಿವೆ. ಆ ಅವಧಿಯಲ್ಲಿ ಲೇಖನಿ ಸುಮ್ಮನಿರಲಿಲ್ಲ. ಸಾಮಾಜಿಕ ಕಾದಂಬರಿಗಳು ಬಂದವು, ನಾಯಕರ ವಂಶದ ಪೂರ್ವಕಥೆಗಳು ಬಂದವು, ಅವರ ಕಥೆಗಳಿಂದ ಚಲನಚಿತ್ರಗಳೂ ಆದವು. ಕೈ ದುಡಿಯುತ್ತಲೇ ಇತ್ತು. ಈ ಒಂದು ವಸ್ತು ಮಾತ್ರ ಮೂಲೆಯಲ್ಲಿ ಹೆಪ್ಪು ಹಾಕಿದ ಹಾಲಿನಂತೆ ಕದಲದೆ ಉಳಿದಿತ್ತು. ಏಕಾಂತವೆಂದರೆ ಇದೇ ಎಂದು ನನ್ನ ಅಭಿಪ್ರಾಯ. ಕಾದಂಬರಿಕಾರನು ಲೋಕದಿಂದ ದೂರ ಹೋಗಬೇಕಾಗಿಲ್ಲ. ವಸ್ತುವನ್ನು ತನ್ನ ಅವಸರದಿಂದ ದೂರವಿಟ್ಟರೆ ಸಾಕು.

ಬೇಗ ಬರೆದವರಲ್ಲಿಯೂ ಉತ್ತಮ ಕೃತಿಗಳಿಲ್ಲವೆ ಎಂದು ಇಲ್ಲಿ ಆಕ್ಷೇಪಿಸಬಹುದು. ಶಿವರಾಮ ಕಾರಂತರ ಬರೆವಣಿಗೆಯ ವೇಗ ಎಲ್ಲರೂ ಬಲ್ಲದ್ದು. ಆದರೆ ‘ಚೋಮನ ದುಡಿ’ (1933), ‘ಮರಳಿ ಮಣ್ಣಿಗೆ’ (1941) ಕೃತಿಗಳ ಹಿಂದೆ ಕರಾವಳಿಯ ಹಳ್ಳಿಗಳ ನಡುವೆ ಅವರು ತಿರುಗಿದ ವರ್ಷಗಳಿವೆ. ಬರೆಯುವ ಹೊತ್ತು ಕಡಿಮೆಯಾದ ಮಾತ್ರಕ್ಕೆ ಯೋಚಿಸಿದ ಹೊತ್ತು ಕಡಿಮೆಯೆಂದು ಹೇಳಲಾಗದು. ಇನ್ನೊಂದು ಕಡೆ, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಗೂ (1936) ‘ಮಲೆಗಳಲ್ಲಿ ಮದುಮಗಳು’ ಕೃತಿಗೂ (1967) ಮೂರು ದಶಕಗಳ ಅಂತರವಿದೆ. ಅವರೂ ಆ ವರ್ಷಗಳಲ್ಲಿ ಅಧ್ಯಾಪನ, ಆಡಳಿತಗಳ ಹೊರೆಯನ್ನು ಹೊತ್ತವರೇ.

ಮಾಗಿದ ವಸ್ತುವಿನ ಗುರುತು ಕೃತಿಯೊಳಗೆ ಕಾಣಬೇಕು. ಕಾಣದಿದ್ದರೆ ವರ್ಷಗಳ ಲೆಕ್ಕದಿಂದ ಪ್ರಯೋಜನವಿಲ್ಲ. ಹಿಂದಿನ ‘ರಕ್ತರಾತ್ರಿ’ಯನ್ನು ತೆಗೆದುಕೊಳ್ಳೋಣ. ದಳವಾಯಿ ಮುದ್ದಣ್ಣನ ಒಳಸಂಚಿನ ಆ ಕಥೆಯಲ್ಲಿ ಮುಂದೇನು ಎಂಬ ಕುತೂಹಲವೇ ಓದುಗನನ್ನು ಎಳೆದೊಯ್ಯುತ್ತದೆ. ಪುಟ ಮಗುಚುವ ಅವಸರದಲ್ಲಿ ಪಾತ್ರಗಳ ಮುಖವನ್ನು ನೋಡುತ್ತ ನಿಲ್ಲಲು ವ್ಯವಧಾನವಿರುವುದಿಲ್ಲ. ‘ದುರ್ಗಾಸ್ತಮಾನ’ವು ಈ ಕುತೂಹಲವನ್ನು ಹೆಸರಿನಲ್ಲಿಯೇ ತ್ಯಜಿಸಿದೆ. ಕೊನೆ ಏನೆಂಬುದು ಮುಖಪುಟದ ಮೇಲೆಯೇ ಇದೆ. ಬಾಲಕ ಮದಕರಿಯು ಪಟ್ಟಕ್ಕೆ ಬರುವಾಗಲೇ ಸೂರ್ಯ ಇಳಿಯತೊಡಗಿರುವುದನ್ನು ಓದುಗನು ಬಲ್ಲ. ಆದುದರಿಂದ ಅವನ ಗಮನ ‘ಮುಂದೇನು’ ಎಂಬುದರಿಂದ ‘ಏಕೆ ಹೀಗಾಯಿತು’ ಎಂಬುದಕ್ಕೆ ತಿರುಗುತ್ತದೆ: ಹಿರಿಯರ ಮಂತ್ರಾಲೋಚನೆ, ಬಂಧುಗಳ ಮನಸ್ತಾಪ, ಹೈದರನೊಡನೆ ಒಮ್ಮೆ ಸ್ನೇಹ ಒಮ್ಮೆ ವೈರ, ಶೂರನಿಗೆ ಸಹಜವಾದ ದುಡುಕು. ವೀರರಸವನ್ನು ಉಕ್ಕಿಸಲು ಎಲ್ಲ ಅವಕಾಶವಿದ್ದ ಕಡೆ ಲೇಖಕರು ವಿಷಾದವನ್ನು ಆರಿಸಿಕೊಂಡಿದ್ದಾರೆ. ಇಂಥ ಆಯ್ಕೆಯನ್ನು ಆತುರದ ಮನಸ್ಸು ಮಾಡಲಾರದು. 1985ರಲ್ಲಿ, ಲೇಖಕರು ತೀರಿಕೊಂಡ ಮರುವರ್ಷ, ಈ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪಾಠವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರಿದೆ. ಬರೆಹವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ವೃತ್ತಿಯನ್ನು ಹೇಳುವ ಮಾತನ್ನು ಮಾತ್ರ ಆತನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಇಷ್ಟು ದೂರದ ಬಂಡೆಗಳ ನಡುವೆ ನಿಂತು ಆ ಲಿಪಿಯನ್ನು ಬಳಸುವಾಗ ಅವನಿಗೆ ಏನನ್ನಿಸಿತು? ಇತಿಹಾಸಕಾರನು ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕು. ಅದು ಅವನ ಧರ್ಮ. ಕಾದಂಬರಿಕಾರನ ಕೆಲಸ ಆರಂಭವಾಗುವುದು ಅಲ್ಲಿಂದಲೇ. ಆದರೆ ಅವನೂ ಒಡನೆ ಬಾಯಿ ತೆರೆಯಕೂಡದು. ನಾವು ಮೌನವಾದ ಸ್ಥಳದಲ್ಲಿ ಅವನು ಸಾಕಷ್ಟು ಕಾಲ ಮೌನವಾಗಿ ಕುಳಿತನೆ ಎಂಬುದೇ ಐತಿಹಾಸಿಕ ಕಾದಂಬರಿಯನ್ನು ಅಳೆಯಲು ತಕ್ಕ ಅಳತೆಗೋಲು. ತಾರೀಖುಗಳ ತಪ್ಪೊಪ್ಪುಗಳನ್ನು ಎಣಿಸುವುದು ಅನಂತರದ ಮಾತು.

ಈ ಅಳತೆಯಲ್ಲಿ ‘ದುರ್ಗಾಸ್ತಮಾನ’ವೂ ಎಲ್ಲ ಕಡೆ ಸಮನಾಗಿ ನಿಲ್ಲುವುದಿಲ್ಲವೆಂದು ಹೇಳಬೇಕಾಗುತ್ತದೆ. ಕೋಟೆಯ ಮೇಲಿನವರ ಅಂತರಂಗಕ್ಕೆ ದೊರೆತ ತಾಳ್ಮೆ ಕೋಟೆಯ ಕೆಳಗೆ ಬೀಡುಬಿಟ್ಟವರಿಗೆ ಅಷ್ಟಾಗಿ ದೊರೆತಿಲ್ಲ. ಮದಕರಿಯ ಮೇಲಿನ ಪ್ರೀತಿ ಲೇಖಕರ ದೃಷ್ಟಿಯನ್ನು ಆಳವಾಗಿಸಿದಂತೆಯೇ ಒಂದಿಷ್ಟು ಕಿರಿದಾಗಿಯೂ ಮಾಡಿದೆ. ಅಲ್ಲದೆ ಅಸ್ತಮಾನದೊಡನೆ ಕಥೆ ಮುಗಿಯುತ್ತದೆ, ಇತಿಹಾಸ ಮುಗಿಯುವುದಿಲ್ಲ. ದುರ್ಗ ಬಿದ್ದ ಮೇಲೆ ಹೈದರನು ಇಲ್ಲಿಯ 20,000 ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಅವರ ಹುಡುಗರನ್ನು ಚೇಲಾ ಪಡೆಗಳಾಗಿ ರಚಿಸಿದನೆಂದೂ ರೈಸರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಇಷ್ಟು ಜನರ ಬಾಳಿಗೆ ಅಲ್ಲಿ ಸಂದಿರುವುದು ಒಂದೆರಡು ವಾಕ್ಯ ಮಾತ್ರ.

ಚಳ್ಳಕೆರೆ, ಮೊಳಕಾಲ್ಮೂರುಗಳಿಂದ ನಮ್ಮ ತರಗತಿಗಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಆ ಜನರ ವಂಶದವರೂ ಇದ್ದಾರು. ಅವರಲ್ಲಿ ಯಾರಾದರೂ ಈ ಕಥೆಯನ್ನು ಕೈಗೆತ್ತಿಕೊಂಡರೆ, ಕುದಾಪುರದಲ್ಲಿ ಆರು ತಿಂಗಳ ಬಿಡುವು ದೊರೆಯಲಿಲ್ಲವೆಂದು ಕೈಬಿಡಬೇಕಾಗಿಲ್ಲ. ದಿನದ ದುಡಿಮೆಯ ನಡುವೆ ಗೆಜೆಟಿಯರಿನ ಆ ವಾಕ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅವು ತಾವಾಗಿ ಮಾತನಾಡುವವರೆಗೆ ಕಾಯಬಲ್ಲವರಾದರೆ ಸಾಕು. ಮೂವತ್ತು ವರ್ಷ ಹಿಡಿದರೂ ಹಿಡಿಯಲಿ; ತಳುಕಿನ ಮನೆತನದವರೊಬ್ಬರು ಹಾಗೆ ಕಾದು ತೋರಿಸಿದ್ದಾರೆ.