ಫ್ರಿಜ್ಜಿನೊಳಗೂ ಐಸು ಬೇಕು

ಮಲ್ಪೆಯ ಬಂಗುಡೆ ಕಂಡರೆ ಎಲ್ಲರೂ ಕೇಳುವುದು ಒಂದೇ: "ಇವತ್ತಿನದಾ?" ನಾನು ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ಹಿಡಿದಾಗಿನಿಂದ ಐಸಿನಲ್ಲೇ ಹುದುಗಿರುವ ಮೂರು ದಿನದ ಬಂಗುಡೆ, ಬೆಳಿಗ್ಗೆ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದಿದ್ದಕ್ಕಿಂತ ಎಷ್ಟೋ ವಾಸಿ. ಈಗ ನಾನು ಕೇಳುವುದು, "ಐಸು ಯಾವಾಗ ಹಾಕಿದ್ದು?"

ಮೀನು ಸತ್ತೊಡನೆ ಅದರ ಮಾಂಸದಲ್ಲಿರುವ, ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ ಎಂಬ ರಾಸಾಯನಿಕ ಹಂತ ಹಂತವಾಗಿ ಒಡೆಯತೊಡಗುತ್ತದೆ. ನಡುವೆ ಐಎಂಪಿ ಸಿಗುತ್ತದೆ. ಮೀನಿನ ಬಾಯಿ ತುಂಬುವ ರುಚಿಗೆ ಅದರ ಪಾಲು ದೊಡ್ಡದು. ಅದೂ ಒಡೆದು ಕೊನೆಗೆ ಹೈಪೋಕ್ಸಾಂಥಿನ್ ಆದರೆ ಕಹಿ. ಈ ಒಡೆತವನ್ನೇ ಅಳೆದು ಜಪಾನಿನ ವಿಜ್ಞಾನಿಗಳು 1959ರಲ್ಲಿ 'ಕೆ ಮೌಲ್ಯ' ಎಂಬ ತಾಜಾತನದ ಲೆಕ್ಕ ಕೊಟ್ಟರು. ಹಸಿಯಾಗಿ ತಿನ್ನುವ ಮೀನಿಗೆ ಅದು ಶೇ 20ರೊಳಗಿರಬೇಕು ಎಂಬುದು ಅಲ್ಲಿನ ರೂಢಿ.

ಕೆಡುವ ವೇಗ ಶಾಖದ ಕೈಯಲ್ಲಿದೆ. ಐಸಿನ 0 ಡಿಗ್ರಿಗೆ ಹೋಲಿಸಿದರೆ 5 ಡಿಗ್ರಿಯಲ್ಲಿ ಮೀನು ಎರಡು ಪಟ್ಟಿಗಿಂತ ಬೇಗ ಕೆಡುತ್ತದೆ, 10ರಲ್ಲಿ ಸುಮಾರು ನಾಲ್ಕು ಪಟ್ಟು. ಮನೆಯ ಫ್ರಿಜ್ಜು ಸಾಮಾನ್ಯವಾಗಿ 4–5 ಡಿಗ್ರಿಯದು. ಹಾಲಿಗೆ ಅದು ಸಾಕು, ಬಂಗುಡೆಗೆ ಸಾಲದು.

ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾ ಅದನ್ನು, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಕಾವಲಿಯಲ್ಲಿ ಗರಿಗರಿ ಹುರಿದರೂ ಹೋಗದು, ಆಮೇಲೆ ಐಸಿಗಿಟ್ಟರೂ ಹೋಗದು. ಮೂಗಿಗೂ ಸಿಗಬೇಕೆಂದಿಲ್ಲ. ಒಮ್ಮೆ ಊಟದ ಹೋಟೆಲೊಂದರಲ್ಲಿ ಬಂಗುಡೆ ಫ್ರೈಯ ಮೊದಲ ತುತ್ತಿಗೇ ನಾಲಿಗೆ ಚುರುಗುಟ್ಟಿತು. ಮಸಾಲೆಯ ಖಾರವೆಂದುಕೊಂಡು ತಿಂದು ಮುಗಿಸಿದೆ. ಅರ್ಧ ಗಂಟೆಯಲ್ಲಿ ಮುಖ, ಕತ್ತೆಲ್ಲ ಕೆಂಪೇರಿ ತಲೆ ಸಿಡಿಯತೊಡಗಿತು. ಅಂದಿನಿಂದ ನಾಲಿಗೆ ಹಾಗೆ ಚುರುಗುಟ್ಟಿದರೆ ತಟ್ಟೆ ಸರಿಸಿಬಿಡುತ್ತೇನೆ.

ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನಿಜ. ಆದರೆ ಬಂಗುಡೆಯ ಎಣ್ಣೆ ಗಾಳಿ ತಾಗಿ ನಿಧಾನಕ್ಕೆ ಕಮಟುತ್ತದೆ. ಹಾಗಾಗಿ ನಾಳೆಯ ಸಾರಿನ ಮೀನನ್ನು ನಾನು ಅಲ್ಲಿಡುವುದಿಲ್ಲ. ಕಿವಿರು, ಕರುಳು ತೆಗೆದು ತೊಳೆದು, ತೂತಿನ ಪಾತ್ರೆಯಲ್ಲಿ ಪುಡಿ ಐಸು ಹಾಸಿ ಮೀನು ಮಲಗಿಸಿ, ಹೊಟ್ಟೆಯೊಳಗೂ ಮೇಲೂ ಐಸು ತುಂಬುತ್ತೇನೆ. ಅಡಿಯಲ್ಲೊಂದು ದೊಡ್ಡ ಬೋಗುಣಿಯಿಟ್ಟು ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸುತ್ತೇನೆ. ಕರಗುವ ಐಸು 0 ಡಿಗ್ರಿ ಬಿಟ್ಟು ಮೇಲೇರದು. ಕರಗಿದ ನೀರು ಮೀನನ್ನು ತೊಳೆಯುತ್ತಲೇ ಕೆಳಗಿಳಿಯುತ್ತದೆ. ಬೆಳಿಗ್ಗೆ ಬೋಗುಣಿಯ ನೀರು ಚೆಲ್ಲಿ ಬಂಗುಡೆಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಬೆರಳು ತೆಗೆದ ಕೂಡಲೇ ಕುಳಿ ತುಂಬಿಕೊಂಡರೆ ಮಸಾಲೆ ಅರೆಯಲು ಹೇಳುತ್ತೇನೆ.