ಒವಟೊನ್ನಾದ ಬ್ಯಾಂಕು ಯಾರದು?

ಅಮೆರಿಕದ ಕಟ್ಟಡಗಳೆಂದರೆ ನಮಗೆ ನೆನಪಾಗುವುದು ನ್ಯೂಯಾರ್ಕ್, ಚಿಕಾಗೋಗಳ ಗಗನಚುಂಬಿಗಳು. ಆದರೆ ಗಗನಚುಂಬಿಗೆ ರೂಪ ಕೊಟ್ಟವರಲ್ಲಿ ಪ್ರಮುಖನಾದ ಲೂಯಿ ಸಲಿವನ್‌ನ ಅತ್ಯುತ್ತಮ ಕಟ್ಟಡಗಳಲ್ಲೊಂದು ಇರುವುದು ಮಿನ್ನೆಸೋಟ ರಾಜ್ಯದ ಒವಟೊನ್ನಾ ಎಂಬ ಸಣ್ಣ ಪಟ್ಟಣದಲ್ಲಿ. ಪೇಟೆಯ ನಡುವಿನ ಉದ್ಯಾನದೆದುರು, ಎರಡು ರಸ್ತೆಗಳು ಕೂಡುವ ಮೂಲೆಯಲ್ಲಿ ನಿಂತಿರುವ ಆ ನ್ಯಾಷನಲ್ ಫಾರ್ಮರ್ಸ್ ಬ್ಯಾಂಕ್ ಪೂರ್ಣಗೊಂಡದ್ದು 1908ರಲ್ಲಿ. 1976ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. 1981ರಲ್ಲಿ ಅಂಚೆಚೀಟಿಯನ್ನೂ ಏರಿತು.

ಆ ಕಾಲದ ಅಮೆರಿಕದಲ್ಲಿ ಬ್ಯಾಂಕೆಂದರೆ ಗ್ರೀಕ್ ಅಥವಾ ರೋಮನ್ ದೇಗುಲದ ನಕಲು. ಭಾರೀ ಕಂಬಗಳು, ಬಿಳಿಯ ಕಲ್ಲು; ಕೆಸರುಗಾಲಿನ ರೈತ ಬಾಗಿಲಲ್ಲೇ ಅಳುಕಬೇಕು. ಸಲಿವನ್ ಈ ದಾರಿ ಹಿಡಿಯಲಿಲ್ಲ. ಕೆಳಗೆ ಕೆಂಪು ಮರಳುಗಲ್ಲು, ಮೇಲೆ ಹಲವು ಛಾಯೆಗಳ ಇಟ್ಟಿಗೆ, ರಸ್ತೆಯ ಕಡೆಯ ಎರಡೂ ಗೋಡೆಗಳಲ್ಲಿ ಒಂದೊಂದು ದೊಡ್ಡ ಕಮಾನು, ಕಮಾನಿನ ತುಂಬ ಬಣ್ಣದ ಗಾಜು. ಬ್ಯಾಂಕಿನ ಕಾರ್ಲ್ ಬೆನೆಟ್ ಇದನ್ನು ರೈತರಿಗಾಗಿ ಕಟ್ಟಿದ ಬ್ಯಾಂಕು ಎಂದೇ ಬರೆದ. ರೈತರು ಕುಳಿತು ಮಾತಾಡಲು ಒಳಗೆ ಒಂದು ಕೋಣೆಯೂ ಇತ್ತು.

ವಿಮರ್ಶಕರು ಇಂತಹ ಬ್ಯಾಂಕುಗಳನ್ನು ‘ಆಭರಣದ ಪೆಟ್ಟಿಗೆ’ ಎನ್ನುತ್ತಾರೆ. ಈ ಹೊಗಳಿಕೆಯ ಬಗ್ಗೆಯೇ ನಮ್ಮ ತಕರಾರು. ಆಭರಣಕ್ಕೆ ಒಬ್ಬ ಅಕ್ಕಸಾಲಿಗ, ಒಬ್ಬ ಒಡೆಯ ಸಾಕು. ಪೇಟೆಯ ಕಟ್ಟಡಕ್ಕೆ ಸಾಲದು. ಇಲ್ಲಿನ ಅಲಂಕಾರದ ಬಹುಪಾಲು ಸಲಿವನ್‌ನ ಸಹಾಯಕ ಜಾರ್ಜ್ ಎಲ್ಮ್‌ಸ್ಲಿಯ ಕೈಯದು. ಗಾಜು ಮತ್ತು ಬಣ್ಣ ಲೂಯಿ ಮಿಲೆಯದು, ಭಿತ್ತಿಚಿತ್ರಗಳು ಆಸ್ಕರ್ ಗ್ರಾಸ್‌ನವು. ಇನ್ನು ಎಲೆಬಳ್ಳಿಗಳನ್ನು ರೇಖಾಗಣಿತದ ಚೌಕಟ್ಟಿನಲ್ಲಿ ಹೆಣೆಯುವ ಸಲಿವನ್‌ನ ಶೈಲಿಯನ್ನೇ ನೋಡಿ. 1893ರ ಚಿಕಾಗೋ ಮೇಳದಲ್ಲಿ ಅವನು ನಿರ್ಮಿಸಿದ ಸ್ವರ್ಣದ್ವಾರದಲ್ಲಿ ಇಸ್ಲಾಮೀ ವಾಸ್ತುಶಿಲ್ಪದ ನೆರಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಪ್ಪಟ ಅಮೆರಿಕನ್ ಎನಿಸಿಕೊಂಡ ಕಲೆಯಲ್ಲೂ ದೂರದ ನಾಡುಗಳ ಪಾಲಿದೆ.

ರೈತರ ಪಾಲು ಏನಾಯಿತು? ಗೋಡೆಯ ಚಿತ್ರಗಳಲ್ಲಿ ಹಸುಗಳು ನೆಮ್ಮದಿಯಿಂದ ಮೇಯುತ್ತಿವೆ, ಸುಗ್ಗಿ ನಡೆದಿದೆ. ಚಿತ್ರದ ಹೊರಗೆ, ಮೊದಲ ಮಹಾಯುದ್ಧದ ಬಳಿಕ ಬೆಳೆಯ ಬೆಲೆ ಕುಸಿದು ಸಾಲ ತೀರಿಸಲಾಗದ ರೈತರ ಜೊತೆ ಊರೂರ ಬ್ಯಾಂಕುಗಳೂ ಮುಳುಗಿದವು. 1926ರಲ್ಲಿ ಈ ಬ್ಯಾಂಕೂ ಬಾಗಿಲು ಹಾಕಿತು. ಅದಕ್ಕೆ ಎರಡು ವರ್ಷ ಮೊದಲೇ ಸಲಿವನ್ ಚಿಕಾಗೋದಲ್ಲಿ ಬಡತನದಲ್ಲಿ ತೀರಿಕೊಂಡಿದ್ದ. ಸೌಂದರ್ಯವು ಕಟ್ಟಿಸಿದವನನ್ನೂ ಕಾಯಲಿಲ್ಲ, ಕಟ್ಟಿದವನನ್ನೂ ಕಾಯಲಿಲ್ಲ.

ಆ ಹೊಲಗಳಿಗೂ ಹಿಂದೆ ಒಂದು ಕತೆಯಿದೆ. ಒವಟೊನ್ನಾ ಎಂಬ ಹೆಸರೇ ಡಕೋಟಾ ಜನರ ಭಾಷೆಯಿಂದ ಬಂದದ್ದು. ದಕ್ಷಿಣ ಮಿನ್ನೆಸೋಟದ ಅವರ ನೆಲ 1851ರ ಒಪ್ಪಂದಗಳಲ್ಲಿ ಕೈತಪ್ಪಿತು. 1862ರ ಯುದ್ಧದ ನಂತರ ಒವಟೊನ್ನಾದ ಪಶ್ಚಿಮಕ್ಕಿರುವ ಮ್ಯಾಂಕಾಟೊದಲ್ಲಿ 38 ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. 1863ರಲ್ಲಿ ಕಾನೂನು ಮಾಡಿ ಡಕೋಟಾ ಜನರನ್ನು ಮಿನ್ನೆಸೋಟದಿಂದಲೇ ಹೊರಹಾಕಲಾಯಿತು. ಬ್ಯಾಂಕಿನ ಗೋಡೆಯ ಮೇಲಿನ ಸುಗ್ಗಿ ನಡೆದಿರುವುದು ಇಂತಹ ನೆಲದ ಮೇಲೆ. ಚಿತ್ರದಲ್ಲಿ ಆ ಜನರಿಲ್ಲ.

ಹಾಗೆಂದು ಕಟ್ಟಡವನ್ನು ಕಡೆಗಣಿಸಬೇಕೆಂದು ನಾವು ಹೇಳುತ್ತಿಲ್ಲ. ಉಳಿಸುವುದೆಂದರೇನು ಎಂದು ಕೇಳುತ್ತಿದ್ದೇವೆ. ಸಲಿವನ್ ಮತ್ತು ಅವನ ಪಾಲುದಾರ ಆಡ್ಲರ್ ಕಟ್ಟಿದ ಚಿಕಾಗೋ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವಲಾಯಿತು. ಅದರ ವಹಿವಾಟು ಕೋಣೆ ಮಾತ್ರ ವಸ್ತುಸಂಗ್ರಹಾಲಯ ಸೇರಿತು. ಒವಟೊನ್ನಾದ ಕಟ್ಟಡ ನಿಂತಲ್ಲೇ ಉಳಿದದ್ದಕ್ಕೆ ಒಂದು ಸರಳ ಕಾರಣವಿದೆ: ಒಂದು ಬ್ಯಾಂಕು ಮುಳುಗಿದ ಮೇಲೂ ಬೇರೆ ಬ್ಯಾಂಕುಗಳು ಅಲ್ಲಿ ವ್ಯವಹಾರ ಮುಂದುವರಿಸಿದವು, ಜನ ಒಳಗೆ ಬರುತ್ತಲೇ ಇದ್ದರು. ಬಳಕೆಯೇನೂ ನಿರಪಾಯಕಾರಿಯಲ್ಲ. 1940ರ ನವೀಕರಣದಲ್ಲಿ ಹೊರಗೋಡೆಗೆ ಕೈ ಹಚ್ಚದೆ ಒಳಾಂಗಣವನ್ನು ಹಾಳುಗೆಡವಿದರು. ಎಲ್ಮ್‌ಸ್ಲಿಯ ಸೂಕ್ಷ್ಮ ಕುಸುರಿಯಿದ್ದ ಗುಮಾಸ್ತರ ಕಟಕಟೆಗಳು ಹೋದವು. 1950ರ ದಶಕದಲ್ಲಿ ಹಾರ್ವೆಲ್ ಹ್ಯಾಮಿಲ್ಟನ್ ಹ್ಯಾರಿಸ್ ಎಂಬ ವಾಸ್ತುಶಿಲ್ಪಿ ಗಾಯವನ್ನು ಒಂದಿಷ್ಟು ಮಾಯಿಸಿದ. ಕಳೆದದ್ದೆಲ್ಲ ಮರಳಿ ಬರಲಿಲ್ಲ.

ಇಟ್ಟಿಗೆಯನ್ನು ಉಳಿಸಲು ಹಣ, ಕಾನೂನು, ಕುಶಲಕರ್ಮಿಗಳಿದ್ದರೆ ಸಾಕು. ನೆನಪನ್ನು ಉಳಿಸಲು ಪ್ರಾಮಾಣಿಕತೆಯೂ ಬೇಕು. ಆ ಗೋಡೆಯ ಮೇಲೆ ಸಲಿವನ್‌ನ ಹೆಸರಿನ ಪಕ್ಕದಲ್ಲೇ ಎಲ್ಮ್‌ಸ್ಲಿಗೆ, ಸಾಲದಲ್ಲಿ ಮುಳುಗಿದ ರೈತನಿಗೆ, ಊರಿಗೆ ಹೆಸರು ಕೊಟ್ಟು ನೆಲ ಕಳಕೊಂಡ ಡಕೋಟಾ ಜನರಿಗೆ ಜಾಗವಾದರೆ ಮಾತ್ರ ಅದನ್ನು ಊರಿನ ಪರಂಪರೆ ಎನ್ನಬಹುದು. ಅಲ್ಲಿಯವರೆಗೆ ಅದು ಚೆಂದದ ಪೆಟ್ಟಿಗೆಯೇ ಸರಿ. ಅದರ ಬೀಗದ ಕೈ ಮಾತ್ರ ಕೆಲವರ ಬಳಿಯೇ ಉಳಿದಿರುತ್ತದೆ.