ಮುಸ್ಸೋಲಿನಿಯ ರಾಜ್ಯಾರಾಧನೆ: ಒಂದು ವಿಮರ್ಶೆ

1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಮುಸ್ಸೋಲಿನಿಯ ಹೆಸರಿನಿಂದ ಪ್ರಕಟವಾದ ಫ್ಯಾಸಿಸಂ ಕುರಿತ ಪ್ರಬಂಧವು ಶಾಶ್ವತ ಶಾಂತಿಯನ್ನು ನಿರಾಕರಿಸುತ್ತದೆ. ಯುದ್ಧವೇ ಮನುಷ್ಯನ ಶಕ್ತಿಯನ್ನು ಶಿಖರಕ್ಕೇರಿಸುತ್ತದೆಂದು ಸಾರುತ್ತದೆ. ರಾಜ್ಯದ ಹೊರಗೆ ಯಾವ ಮೌಲ್ಯವೂ ಇಲ್ಲ, ರಾಜ್ಯದೊಳಗಿರುವುದೇ ಸ್ವಾತಂತ್ರ್ಯ ಎಂಬುದು ಅದರ ವಾದ.

ಈ ಪ್ರಬಂಧವು ದೇವರನ್ನು ಅಲ್ಲಗಳೆಯುವುದಿಲ್ಲ. ಸಂತರ ದೇವರನ್ನು ಗೌರವಿಸುವುದಾಗಿಯೇ ಹೇಳುತ್ತದೆ. ಅಪಾಯವಿರುವುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. ದೇವರಿಗೆ ಆರಾಧನೆಯನ್ನು ಬಿಟ್ಟುಕೊಟ್ಟು, ಮನಸ್ಸಾಕ್ಷಿಯನ್ನು ರಾಜ್ಯವು ತನ್ನದಾಗಿಸಿಕೊಳ್ಳುತ್ತದೆ. 1929ರಲ್ಲಿ ಮುಸ್ಸೋಲಿನಿಯೊಡನೆ ಲ್ಯಾಟರನ್ ಒಪ್ಪಂದ ಮಾಡಿಕೊಂಡ ಹನ್ನೊಂದನೆಯ ಪಯಸ್ ಪೋಪರೇ 1931ರಲ್ಲಿ ಇಂಥ ರಾಜ್ಯಾರಾಧನೆಯನ್ನು ಖಂಡಿಸಬೇಕಾಯಿತು.

ಇದು ದೂರದ ಮಾತಲ್ಲ. ನಮ್ಮ ಸಿದ್ದಾಪುರದ ಸೀಮೆಯು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಾಸಿಂ ರಜ್ವಿಯ ರಜಾಕಾರರನ್ನು ಎದುರಿಸಲು ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂದಾಳ್ತನದಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ನಡೆಯಿತು. ಸಿದ್ಧಾಂತ ಬೇರೆಯಾದರೂ, ತನ್ನ ಮೇಲೆ ಯಾವ ತೀರ್ಪನ್ನೂ ಒಪ್ಪದ ಅಧಿಕಾರವು ಹಳ್ಳಿಗಳಿಗೆ ತರುವ ಭಯ ಒಂದೇ.

ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಬೋಧಿಸುವ ನಾವು ಪ್ರಕಟನೆಯ 13ನೆಯ ಅಧ್ಯಾಯವನ್ನು ಮೌನವಾಗಿ ದಾಟಿಹೋಗಬಾರದು. ಅಧಿಕಾರಿಯು ದೇವರ ಸೇವಕನಾಗಿರುವವರೆಗೆ ಗೌರವಕ್ಕೆ ಅರ್ಹನು. ಆರಾಧನೆಯನ್ನು ಕೇಳಿದಾಗ ಅವನಿಗೆ ಇಲ್ಲವೆನ್ನುವುದೇ ಸಭೆಯ ವಿಧೇಯತೆ.